ಜರಡಿ ಭಾವ ಮಾಡಿದ ಡಿಸ್ಕ್

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ಜರಡಿ. ಎದುರಿಗೆ ಹಾಗೆ ಕರೆಯುವ ಧೈರ್ಯ ಇದ್ದದ್ದು ನನಗೊಬ್ಬನಿಗೇ. ಹೆಂಡತಿಯ ತಮ್ಮನಿಗೆ ಅಷ್ಟೂ ಸಲಿಗೆ ಇಲ್ಲದಿದ್ದರೆ ಆ ನಂಟು ಇದ್ದು ಏನು ಬಂತು?

ಹಳೆಯ ಕ್ಯಾಸೆಟ್‌ಗಳನ್ನು ಡಿಸ್ಕ್‌ಗೆ ಇಳಿಸಿಕೊಡುವುದು ಅವರ ಕಸುಬು. ಔಷಧಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಅವರ ಅಂಗಡಿ. ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮೂರನೆಯವರು ಹೊರಗೇ ನಿಲ್ಲಬೇಕು. ಗೋಡೆಗೆ ಮೂರು ಟೇಪ್ ಡೆಕ್, ಮೇಜಿನ ಮೇಲೆ ಒಂದು ಕಂಪ್ಯೂಟರ್, ಸ್ಪಿರಿಟ್ ಬಾಟಲಿ, ತುದಿಗೆ ಹತ್ತಿ ಸುತ್ತಿದ ಕಡ್ಡಿಗಳು, ಕಿವಿಯ ಮೆತ್ತೆ ಸವೆದು ಸ್ಪಂಜು ಕಾಣುತ್ತಿದ್ದ ಹೆಡ್‌ಫೋನ್. ಜನ ತಮ್ಮ ತಾತ ಹೇಳಿದ ಕಥೆಯನ್ನೋ, ಮದುವೆಯ ದಿನ ಯಾರೋ ಮಾಡಿದ ಭಾಷಣವನ್ನೋ, ಮಗುವಿನ ಮೊದಲ ತೊದಲನ್ನೋ ತಂದು ಕೊಡುತ್ತಿದ್ದರು. ಭಾವ ಅದರಿಂದ ಫ್ಯಾನಿನ ಗುಂಯ್ ಸದ್ದು ತೆಗೆಯುತ್ತಿದ್ದರು, ಟೇಪಿನ ಸುಸ್ಸೆನ್ನುವ ಸದ್ದು ತೆಗೆಯುತ್ತಿದ್ದರು, ಹಿಂದೆ ಪಾತ್ರೆ ಬಿದ್ದದ್ದು, ಯಾರೋ ಬಾಗಿಲು ಹಾಕಿದ್ದು, ಎಲ್ಲವನ್ನೂ ಸೋಸಿ ತೆಗೆದು ಬರೀ ಮಾತನ್ನು ಉಳಿಸಿ ಕೊಡುತ್ತಿದ್ದರು. ಕೆಮ್ಮನ್ನೂ ಬಿಡುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಒಬ್ಬರೂ ನಮ್ಮ ತಾತನ ಕೆಮ್ಮು ವಾಪಸ್ ಕೊಡಿ ಎಂದು ಬಂದದ್ದಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಅವರದ್ದು ಇನ್ನೊಂದು ನೇಮವಿತ್ತು. ಕೆಲಸ ಮುಗಿದು ಡಿಸ್ಕ್ ಗಿರಾಕಿಯ ಕೈಗೆ ಹೋದ ಮೇಲೆ ಅಂಗಡಿಯಲ್ಲಿ ಅದರ ಸುಳಿವೂ ಉಳಿಯಕೂಡದು. ಕಸುಬು ಶುರು ಮಾಡಿದ ಹೊಸತರಲ್ಲಿ ಒಂದು ಮನೆಯ ಕ್ಯಾಸೆಟ್ಟಿನ ಪ್ರತಿ ಅಂಗಡಿಯಲ್ಲೇ ಉಳಿದು, ಅದನ್ನು ಕೇಳಬಾರದವರು ಕೇಳಿ, ಒಂದು ಸಂಸಾರವೇ ಎರಡಾಗಿತ್ತಂತೆ. ಅಂದಿನಿಂದ ಭಾವ ಬರೀ ಅಳಿಸಿ ಸುಮ್ಮನಾಗುವವರಲ್ಲ. ಅಳಿಸಿದ ಜಾಗದ ಮೇಲೆ ಮೂರು ಸಲ ಸೊನ್ನೆ ತುಂಬಿ, ಎಂಥ ಜಾಣ ಬಂದರೂ ಹೆಕ್ಕಿ ತೆಗೆಯಲಾರದ ಹಾಗೆ ಮಾಡಿಯೇ ಶಟರ್ ಎಳೆಯುತ್ತಿದ್ದರು.

ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆಯುವ ಇಬ್ಬರು ನನ್ನ ಪಾಲಿಗೇ ಬಂದು ಸೇರಿದ್ದೀರಿ ಎಂದು ಅಕ್ಕ ಗೇಲಿ ಮಾಡುತ್ತಿದ್ದಳು. ಊಟಕ್ಕೆ ಕೂತರೆ ಒಬ್ಬ ಉಪ್ಪು ಕಡಿಮೆ ಅನ್ನುತ್ತಾನೆ, ಇನ್ನೊಬ್ಬರು ಎಷ್ಟು ಕಡಿಮೆ ಎಂದು ಹೇಳುತ್ತಾರೆ ಎಂದು ಅವಳ ದೂರು.

ಅಕ್ಕ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಂಡು ಕೂರಿಸುವ ಕೆಲಸ ಮಾಡುತ್ತಿದ್ದಳು. ಬೆಳಗ್ಗೆ ನಾಲ್ಕು ತಾಸು, ಸಂಜೆ ಮೂರು ತಾಸು. ನಡುವೆ ಮನೆಗೆ ಬಂದರೆ ಮಾಡಲು ಕೆಲಸವಿರಲಿಲ್ಲ, ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. ನಲವತ್ತೈದು ದಾಟಿದ ಮೇಲೆ ಒಂದು ದಿನ, ಯಾರನ್ನೂ ಕೇಳದೆ, ಡಿಜಿಟಲ್ ಪಿಯಾನೋ ಒಂದನ್ನು ಮನೆಗೆ ತರಿಸಿಕೊಂಡಳು. ಗೋಡೆಗೆ ಒತ್ತಿ ನಿಲ್ಲಿಸುವಂಥದ್ದು, ಮೂರು ಕಾಲಿನ ಮೇಜಿನಷ್ಟೂ ಭಾರವಿಲ್ಲದ್ದು. ಪುಸ್ತಕ ನೋಡಿ ತಾನೇ ಕಲಿತಳು. ಕೆಳಗಿನ ಮನೆಯಲ್ಲಿದ್ದ ನರ್ಸಮ್ಮನಿಗೆ ಸದಾ ರಾತ್ರಿ ಪಾಳಿ, ಮಧ್ಯಾಹ್ನ ಅವರ ನಿದ್ದೆಯ ಹೊತ್ತು. ಅದಕ್ಕೆ ಅಕ್ಕ ಹೆಡ್‌ಫೋನ್ ಹಾಕಿಕೊಂಡೇ ನುಡಿಸುತ್ತಿದ್ದಳು. ಪಕ್ಕದಲ್ಲಿ ಕೂತವರಿಗೆ ಕೇಳುತ್ತಿದ್ದದ್ದು ಕೀಗಳು ಕೆಳಗಿಳಿದು ಮೇಲೇಳುವ ಟಕ ಟಕ ಮಾತ್ರ. ವಾರದ ರಜೆಗೆ ಹೋದಾಗ ನಾನು ಪೇಪರ್ ಓದುತ್ತ ಆ ಟಕ ಟಕ ಕೇಳಿದ್ದೇನೆ. ಭಾವ ಆ ಹೊತ್ತಿಗೆ ಅಂಗಡಿಯಲ್ಲಿ ಬೇರೆಯವರ ತಾತಂದಿರನ್ನು ಕೇಳುತ್ತ ಕೂತಿರುತ್ತಿದ್ದರು.

ಒಮ್ಮೆ ನಾನು ಸ್ಪೀಕರ್ ಹಾಕೆಂದು ಪೀಡಿಸಿದೆ. ಅಕ್ಕ ಒಪ್ಪಲಿಲ್ಲ.

"ಇನ್ನೂ ಸರಿಯಾಗಿ ಬಂದಿಲ್ಲ ಕಣೋ. ಬರಲಿ, ಆಮೇಲೆ ಹಾಕ್ತೀನಿ."

ಸರಿಯಾಗಿ ಬರುವುದು ಎಂದರೆ ಏನೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಒಂದೊಂದೂ ಕೈಗೆ ಹತ್ತಿದ ಮೇಲೆ ಪಿಯಾನೋದ ಗುಂಡಿಯೊತ್ತಿ ಅದರೊಳಗೇ ರೆಕಾರ್ಡ್ ಮಾಡಿಟ್ಟು, ಕೆಲಸಕ್ಕೆ ಹೊರಡುವ ಮುಂಚೆ ಕಣ್ಣು ಮುಚ್ಚಿ ಕೇಳಿಕೊಳ್ಳುತ್ತಿದ್ದಳು. ಎಂಟು ವರ್ಷದಲ್ಲಿ ಒಂಬತ್ತು ಹಾಡು. ಅವಳನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಯೂ ಅವನ್ನು ಕೇಳಿರಲಿಲ್ಲ.

ಹೋದ ವರ್ಷ ಕ್ಲಿನಿಕ್ಕಿನಲ್ಲೇ ಕುರ್ಚಿಯಿಂದ ಕುಸಿದಳು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಎರಡು ತಿಂಗಳ ನಂತರ ಮನೆಗೆ ಕರೆತಂದಾಗ ಮಾತು ನಿಧಾನವಾಗಿತ್ತು, ಬುದ್ಧಿ ನೆಟ್ಟಗಿತ್ತು, ಬಲಗೈ ಮತ್ತು ಬಲಗಾಲು ಬಿದ್ದುಹೋಗಿದ್ದವು. ಕಾಲು ಒಂದಿಷ್ಟು ಬಂದರೂ ಬರಬಹುದು, ಕೈ ಮಾತ್ರ ಬರುವುದಿಲ್ಲ ಎಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು. ಅವಳನ್ನು ಒಳಕೋಣೆಯಲ್ಲಿ ಮಲಗಿಸಿದೆವು. ಆ ಕೈಯನ್ನು ಅವಳು ಎಡಗೈಯಲ್ಲಿ ಎತ್ತಿ ಹೊಟ್ಟೆಯ ಮೇಲಿಟ್ಟುಕೊಂಡು, ಬೇರೆಯವರ ಕೂಸನ್ನು ಒಂದು ಗಳಿಗೆ ನೋಡಿಕೊಳ್ಳುತ್ತಿರುವವಳಂತೆ ಇರುತ್ತಿದ್ದಳು. ನನಗೆ ಅತ್ತ ನೋಡಲಾಗುತ್ತಿರಲಿಲ್ಲ.

ಇಡೀ ಕಾಯಿಲೆಯಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದನ್ನೇ. ನಾನೂ ಇದ್ದ ದಿನ ಭಾವನನ್ನು ಹತ್ತಿರ ಕರೆದು ಹೇಳಿದಳು.

"ರೀ, ನಾನು ನುಡಿಸಿದ್ದು ಒಂಬತ್ತಿದೆ ಅದರಲ್ಲಿ. ಡಿಸ್ಕ್ ಮಾಡಿಕೊಡಿ. ಇಲ್ಲೇ ಮಲಗಿ ಕೇಳ್ತೀನಿ."

"ಅಷ್ಟೇ ತಾನೇ? ಊರಿಗೆಲ್ಲ ಮಾಡಿಕೊಟ್ಟಿದ್ದೀನಿ, ನಿನಗೆ ಮಾಡಲ್ವಾ?" ಅಂದರು ಭಾವ. ಅವರ ದನಿ ಅಷ್ಟು ಹಗುರಾದದ್ದನ್ನು ತಿಂಗಳುಗಳಿಂದ ಕೇಳಿರಲಿಲ್ಲ. ಮಾತ್ರೆ ಕೊಡುವುದು, ಮಗ್ಗುಲು ಬದಲಿಸುವುದು ಎಲ್ಲ ಮಾಡುತ್ತಿದ್ದರು, ಆದರೆ ಎಲ್ಲವನ್ನೂ ಅಂಜಿ ಅಂಜಿ. ಇದು ಅವರಿಗೆ ಬರುವ ಕೆಲಸ.

ಒಂಬತ್ತನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡು ಅಂಗಡಿಗೆ ಹೋಗಿ ಡಿಸ್ಕ್ ಬರೆದು ತಂದು ಅಕ್ಕನ ತಲೆದೆಸೆಯ ಪ್ಲೇಯರಿಗೆ ಹಾಕಿದರು. ಅದು ಗಿರ್ರೆಂದು ತಿರುಗಿ, ಡಿಸ್ಕ್ ಇಲ್ಲ ಎಂದು ತೋರಿಸಿತು. ಮೂವತ್ತು ವರ್ಷದ ಕಸುಬುದಾರನಿಗೆ ಕೆನ್ನೆಗೆ ಬಿಗಿದ ಹಾಗಾಯಿತು. ನಾನು ಸುಮ್ಮನಿರಲಾರದೆ, ಜರಡಿಯಲ್ಲಿ ಎಲ್ಲ ಸೋಸಿಹೋಯಿತೇ ಭಾವ ಎಂದೆ. ಅವರು ನಗಲಿಲ್ಲ.

ಎರಡು ದಿನ ಪಿಯಾನೋದ ಕೈಪಿಡಿಯನ್ನು ಕನ್ನಡಕ ಏರಿಸಿ ಇಳಿಸಿ ಓದಿದ ಮೇಲೆ ಅವರಿಗೆ ವಿಷಯ ತಿಳಿಯಿತು. ಆ ಪಿಯಾನೋ ಸದ್ದನ್ನು ಹಿಡಿದಿಡುವುದೇ ಇಲ್ಲ. ಯಾವ ಕೀ, ಯಾವ ಕ್ಷಣದಲ್ಲಿ, ಎಷ್ಟು ಬಲವಾಗಿ ಒತ್ತಿದರು, ಯಾವಾಗ ಬೆರಳೆತ್ತಿದರು ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಕೇಳಬೇಕೆಂದಾಗ ಆ ಬರಹ ನೋಡಿಕೊಂಡು ತಾನೇ ಹೊಸದಾಗಿ ನುಡಿಸುತ್ತದೆ. ಡಿಸ್ಕ್ ಆಗಬೇಕಾದರೆ ಪಿಯಾನೋದಿಂದ ನುಡಿಸಿ, ಹೆಡ್‌ಫೋನಿನ ತೂತಿನಿಂದ ವೈರ್ ಎಳೆದು, ಆ ಸದ್ದನ್ನು ಕಂಪ್ಯೂಟರಿಗೆ ತುಂಬಿಕೊಳ್ಳಬೇಕು. ಅಷ್ಟು ಮಾಡಿ ಕೈ ತೊಳೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಕ್ಕ ಬರೆದಿಟ್ಟದ್ದನ್ನು ಭಾವ ಕಂಪ್ಯೂಟರಿನಲ್ಲಿ ತೆರೆದು ನೋಡಿದರು. ನನ್ನನ್ನೂ ಅಂಗಡಿಗೆ ಕರೆಸಿದರು. ಪರದೆಯ ಮೇಲೆ ಗೆರೆ ಗೆರೆಯ ಚೌಕಟ್ಟು, ಅದರೊಳಗೆ ಒಂದೊಂದು ಸ್ವರಕ್ಕೂ ಒಂದೊಂದು ಪುಟ್ಟ ಹಸಿರು ಪಟ್ಟಿ. ಅಕ್ಕ ಬೇಗ ಒತ್ತಿದ್ದರೆ ಪಟ್ಟಿ ಗೆರೆಗಿಂತ ಹಿಂದೆ, ತಡವಾಗಿ ಒತ್ತಿದ್ದರೆ ಮುಂದೆ. ಮೌಸಿನಿಂದ ಹಿಡಿದೆಳೆದರೆ ಪಟ್ಟಿ ಬಂದು ಗೆರೆಯ ಮೇಲೆ ನೆಟ್ಟಗೆ ಕೂರುತ್ತಿತ್ತು. ಬೆರಳು ತಪ್ಪಿ ತಗುಲಿದ ಪಕ್ಕದ ಸ್ವರವನ್ನು ಒತ್ತಿ ಅಳಿಸಿದರೆ ಹೋಗುತ್ತಿತ್ತು, ಅದರ ಜೊತೆ ಬೇರೇನೂ ಹೋಗುತ್ತಿರಲಿಲ್ಲ.

"ನೋಡಯ್ಯ," ಅಂದರು ಭಾವ. "ಟೇಪಲ್ಲಿ ಒಂದು ಕೆಮ್ಮು ತೆಗೆದ್ರೆ ಮಾತಿನ ತುದಿನೂ ಒಂಚೂರು ಹೋಗೋದು. ಎಷ್ಟು ವರ್ಷ ಒದ್ದಾಡಿದ್ದೀನಿ ಅದಕ್ಕೆ. ಇಲ್ಲಿ ತಪ್ಪೇ ಬೇರೆ, ಹಾಡೇ ಬೇರೆ."

ಅವರ ಮುಖ ಅರಳಿತ್ತು. ಒಂದು ಕಡೆ ಹಾಡು ನಿಂತೇ ಹೋದಂತೆ ಪಟ್ಟಿಗಳ ನಡುವೆ ಅಗಲವಾದ ಖಾಲಿ ಜಾಗವಿತ್ತು.

"ಇದೇನು, ಇಲ್ಲಿ ಮರೆತು ಕೂತಳೋ ಏನೋ. ಹಾಗೇ ಬಿಡಲೋ, ಮುಚ್ಚಲೋ?"

ನಾನು ಅಚ್ಚುಮನೆಯವನ ಗತ್ತಿನಲ್ಲಿ ಹೇಳಿದೆ: "ತಪ್ಪು ಕಣ್ಣಿಗೆ ಬಿದ್ದ ಮೇಲೂ ಬಿಡೋದುಂಟಾ ಭಾವ? ಸರಿಯಾಗಿ ಬಂದ ಮೇಲೆ ಕೇಳಿಸ್ತೀನಿ ಅಂತ ಅವಳೇ ಅಂದಿದ್ದಳು. ಸರಿ ಮಾಡಿಕೊಡಿ."

ಇದನ್ನು ನಾನು ಹೇಳಿದೆ. ಬೇರೆ ಯಾರೂ ಹೇಳಲಿಲ್ಲ.

ಭಾವ ಹನ್ನೊಂದು ದಿನ ಅದಕ್ಕೇ ಕೂತರು. ಸಾವಿರಾರು ಪಟ್ಟಿಗಳನ್ನು ಒಂದೊಂದಾಗಿ ಗೆರೆಗೆ ತಂದರು. ಖಾಲಿ ಜಾಗಗಳನ್ನು ಮುಚ್ಚಿದರು. ಜೋರಾದದ್ದನ್ನು ತಗ್ಗಿಸಿ, ಮೆತ್ತಗಾದದ್ದನ್ನು ಎತ್ತಿ ಸಮ ಮಾಡಿದರು. ತಿದ್ದಿದ್ದನ್ನು ಪಿಯಾನೋಗೆ ಹಿಂದಿರುಗಿಸಿ, ಒಂದರಿಂದ ಒಂಬತ್ತರವರೆಗೆ ಹಳೆಯವು ಇದ್ದ ಜಾಗದಲ್ಲೇ ಕೂರಿಸಿ, ನುಡಿಸಿ, ಡಿಸ್ಕ್ ಬರೆದರು. ಆಮೇಲೆ ತಮ್ಮ ನೇಮದಂತೆ ಪೆನ್‌ಡ್ರೈವನ್ನೂ ಕಂಪ್ಯೂಟರನ್ನೂ ಅಳಿಸಿ ಮೂರು ಸಲ ಸೊನ್ನೆ ತುಂಬಿದರು. ಯೋಚನೆ ಮಾಡಿ ಮಾಡಿದ್ದಲ್ಲ. ಮನೆಯಿಂದ ಹೊರಡುವಾಗ ಕೈ ತಾನಾಗಿ ಬೀಗ ಹಾಕುವುದಿಲ್ಲವೇ, ಹಾಗೆ.

ಡಿಸ್ಕ್ ಹಾಕಿದ ದಿನ ನಾನು ರಜೆ ಹಾಕಿ ಹೋಗಿದ್ದೆ. ಅಕ್ಕ ಮುಖ ತೊಳೆಸಿಕೊಂಡು, ತಲೆ ಬಾಚಿಸಿಕೊಂಡು, ಎರಡು ದಿಂಬಿಗೆ ಒರಗಿ ಕೂತಿದ್ದಳು. ಕೇಳುವ ಮುನ್ನವೇ ಅವಳ ಕಣ್ಣು ತುಂಬಿತ್ತು. ಮೊದಲನೆಯದು ಮುಗಿಯಿತು. ಗಡಿಯಾರದಷ್ಟು ಕರಾರುವಾಕ್ಕಾಗಿತ್ತು, ನನಗೆ ನಿಜಕ್ಕೂ ಹೆಮ್ಮೆಯಾಯಿತು. ಎರಡನೆಯದು ಅರ್ಧಕ್ಕೆ ಬಂದಾಗ ಅವಳು ಎಡಗೈ ಎತ್ತಿದಳು. ಭಾವ ನಿಲ್ಲಿಸಿದರು.

"ಇದು ಯಾರ್ರೀ?"

"ನೀನೇ ಕಣೆ."

"ಅಲ್ಲ."

ಭಾವ ನಕ್ಕರು. ಅವಳು ನಗಲಿಲ್ಲ ಎಂದು ನೋಡಿ ಅರ್ಧಕ್ಕೆ ನಿಲ್ಲಿಸಿದರು. ಅಕ್ಕ ಒಂದೊಂದು ಮಾತನ್ನೂ ಹುಡುಕಿ ತಂದು ಹೇಳಿದಳು. ಅವಳ ಬಲಗೈಯ ಉಂಗುರದ ಬೆರಳು ಚಿಕ್ಕಂದಿನಲ್ಲಿ ಹೊಲಿಗೆ ಯಂತ್ರಕ್ಕೆ ಸಿಕ್ಕಿ ಮಡಚಲು ಬರುತ್ತಿರಲಿಲ್ಲ. ಅದು ನಮಗೆಲ್ಲ ಗೊತ್ತಿದ್ದದ್ದೇ, ಆದರೆ ಅದನ್ನು ಪಿಯಾನೋದ ಜೊತೆ ಸೇರಿಸಿ ಯೋಚಿಸಿದವರಿಲ್ಲ. ಮೇಲಿನ ಸ್ವರಕ್ಕೆ ಹೋಗಬೇಕಾದಾಗಲೆಲ್ಲ ಅವಳು ಇಡೀ ಕೈಯನ್ನು ಎತ್ತಿ ದಾಟಿಸಬೇಕಿತ್ತು.

"ಅಲ್ಲಿ ನಿಲ್ತಿದ್ದೆ," ಅಂದಳು. "ನಿಂತು ನಿಂತು, ಆ ನಿಲ್ಲೋದೇ ಚೆನ್ನಾಗಿ ಕೇಳೋಕೆ ಶುರುವಾಯ್ತು. ಆಮೇಲೆ ಎಲ್ಲಾದಕ್ಕೂ ಹಾಗೇ ಬಂತು. ಅದು ಎಲ್ಲೋಯ್ತು?"

ಭಾವ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಹಳೇದು ಹಾಕಿ ಹಾಗಾದ್ರೆ," ಅಂದಳು ಅಕ್ಕ, ಇನ್ನೂ ಏನೂ ಗೊತ್ತಿಲ್ಲದೆ. ಭಾವ ಎದ್ದು ಹೊರಗೆ ಹೋಗಿ ಪಿಯಾನೋದ ಮುಂದೆ ಕೂತರು. ಬಹಳ ಹೊತ್ತು ಗುಂಡಿಗಳನ್ನು ಒತ್ತುವ ಸದ್ದು ಕೇಳಿತು. ಹಳೆಯವು ಎಲ್ಲೂ ಉಳಿದಿಲ್ಲವೆಂದು ಅಕ್ಕನಿಗೆ ಅಲ್ಲಿಂದಲೇ ಅರ್ಥವಾಗಿರಬೇಕು. ಅವಳು ಅಳಲಿಲ್ಲ, ಬೈಯಲಿಲ್ಲ. ದಿಂಬು ಒಂದನ್ನು ತೆಗೆಯಲು ಹೇಳಿ ಗೋಡೆಯ ಕಡೆ ಹೊರಳಿದಳು. ಬೈದಿದ್ದರೆ ಭಾವ ಬದುಕಿಕೊಳ್ಳುತ್ತಿದ್ದರು.

ಮುಂದಿನ ದಿನಗಳಲ್ಲಿ ಆ ಮನುಷ್ಯ ಪಟ್ಟ ಪಾಡು ಹೇಳತೀರದು. ಗೊತ್ತಿದ್ದವರಿಗೆಲ್ಲ ಕಂಪ್ಯೂಟರ್ ತೋರಿಸಿ ಬಂದರು. ತೆಗೆಯಲು ಬರುವುದಿಲ್ಲ, ಅಳಿಸಿದವರು ಯಾರೋ ಕೆಲಸ ಬಲ್ಲವರು ಎಂದು ಒಬ್ಬ ಹೇಳಿ ಕಳಿಸಿದನಂತೆ.

ಆಮೇಲೆ ಅವರಿಗೆ ಇನ್ನೊಂದು ಹುಚ್ಚು ಹಿಡಿಯಿತು. ತೆಗೆದದ್ದನ್ನು ಮತ್ತೆ ಹಾಕುವುದು. ಹಾಡು ಇದೆ, ನಿಲ್ಲಬೇಕಾದ ಜಾಗ ಅಕ್ಕನಿಗೆ ಗೊತ್ತಿದೆ, ಎಷ್ಟು ನಿಲ್ಲಬೇಕೆಂದು ಅವಳು ಹೇಳಿದರೆ ಆಯಿತಲ್ಲ ಎಂಬುದು ಅವರ ಲೆಕ್ಕ. ಮಧ್ಯಾಹ್ನ ಎರಡಕ್ಕೆ ಅಂಗಡಿ ಮುಚ್ಚಿ ಮನೆಗೆ ಬರತೊಡಗಿದರು. ಕಂಪ್ಯೂಟರನ್ನೇ ಒಳಕೋಣೆಗೆ ತಂದು ಕೂರಿಸಿದರು. ಪಟ್ಟಿಗಳನ್ನು ಕೂದಲೆಳೆಯಷ್ಟು ಸರಿಸುವುದು, ಅವಳಿಗೆ ಕೇಳಿಸುವುದು.

"ಈಗ?"

"ಜಾಸ್ತಿ ಆಯ್ತು."

"ಈಗ?"

"ಇನ್ನೂ ಸ್ವಲ್ಪ... ಅಲ್ಲ. ಹಾಗಲ್ಲ."

"ಹೇಗೆ ಅಂತ ಹೇಳೇ, ಕೈಮುಗೀತೀನಿ."

"ಹೇಳೋಕೆ ಬಂದಿದ್ರೆ ಹೇಳ್ತಿರಲಿಲ್ವೇನ್ರೀ?"

ಒಂದು ಸಲ ಅವಳು ಎಡಗೈಯಲ್ಲಿ ಹಾಸಿಗೆಯ ಅಂಚಿಗೆ ತಟ್ಟಿ ತೋರಿಸಲು ಹೋದಳು. ಎಡಗೈಗೆ ಬಲಗೈಯ ಬೆರಳಿನ ಕಷ್ಟ ಏನು ಗೊತ್ತು? ಅದು ಎಲ್ಲೂ ನಿಲ್ಲದೆ ಸಲೀಸಾಗಿ ತಟ್ಟಿತು. ಅಕ್ಕ ಕೈ ಹಿಂದಕ್ಕೆಳೆದುಕೊಂಡಳು.

ಭಾವ ನನ್ನನ್ನೂ ಬಿಡಲಿಲ್ಲ. "ಅವಳು ನುಡಿಸುವಾಗ ನೀನು ಪಕ್ಕದಲ್ಲಿ ಇರ್ತಿದ್ಯಲ್ಲ. ಟಕ ಟಕ ಅನ್ನೋದು ಕೇಳಿದ್ದೀಯಲ್ಲ. ಇಲ್ಲಿ ಎಷ್ಟು ಹೊತ್ತು ಸುಮ್ಮನಿರ್ತಿತ್ತು, ಜ್ಞಾಪಿಸ್ಕೋ."

ನನಗೆ ಏನೂ ಜ್ಞಾಪಕವಿರಲಿಲ್ಲ. ನಾನು ಪೇಪರ್ ಓದುತ್ತಿದ್ದೆ. ಆದರೆ ಅವರು ನನ್ನ ಮುಖವನ್ನೇ ನೋಡುತ್ತ ಕೂತದ್ದನ್ನು ತಾಳಲಾರದೆ, ಸುಮಾರು ಇಷ್ಟಿರಬಹುದು ಎಂದು ಬಾಯಿಗೆ ಬಂದದ್ದು ಹೇಳಿದೆ. ಅವರು ಅದನ್ನೂ ಸೀಸದ ಕಡ್ಡಿಯಲ್ಲಿ ಬರೆದುಕೊಂಡರು. ಇನ್ನೊಬ್ಬರ ಬರಹದಲ್ಲಿ ಒಂದು ಚುಕ್ಕೆ ಹೆಚ್ಚಿದ್ದರೆ ಸಿಡುಕುವ ನಾನು ನನ್ನ ಅಕ್ಕನ ಹಾಡಿನೊಳಗೆ ಹಸಿ ಸುಳ್ಳು ಸೇರಿಸಿ ಬಂದೆ.

ಹೀಗೆ ಏಳು ವಾರ. ಅಂಗಡಿಗೆ ಬರುತ್ತಿದ್ದ ನಾಲ್ಕು ಜನರೂ ಬೇರೆ ಕಡೆ ಹೋದರು. ಭಾವ ಗಡ್ಡ ಬಿಟ್ಟರು, ಊಟದ ಮುಂದೆ ಕೂತು ಏನೋ ಎಣಿಸುತ್ತಿದ್ದರು. ನಾನು ಒಮ್ಮೆ, ಇನ್ನು ಸಾಕು ಭಾವ ಎಂದೆ. ಅವರು ಶಾಂತವಾಗಿಯೇ ಉತ್ತರಿಸಿದರು. "ಅವಳು ಇಷ್ಟು ವರ್ಷದಲ್ಲಿ ನನ್ನ ಕೇಳಿದ್ದು ಇದೊಂದು. ಇದನ್ನು ಕಳೆದವನು ನಾನು. ಸಾಕು ಅನ್ನೋಕೆ ನಾನ್ಯಾರು?"

ಎಂಟನೆಯ ವಾರ ಅಚ್ಚುಮನೆಗೆ ಫೋನ್ ಬಂತು. ಭಾವನ ದನಿಯಲ್ಲಿ ಬಹಳ ದಿನದ ಮೇಲೆ ಜೀವ ಇತ್ತು.

"ಒಪ್ಪಿದಳು ಕಣಯ್ಯ. ಇವತ್ತು ಒಂಬತ್ತೂ ಕೇಳಿ, ಹೌದು, ಇದು ನಾನೇ ಅಂದಳು. ಸಂಜೆ ಬಾ. ಡಿಸ್ಕ್ ಬರೀತಿದ್ದೀನಿ."

ಸಂಜೆ ಹೋದಾಗ ಅವರು ಗಡ್ಡ ತೆಗೆದು ಮುಂದಿನ ಕೋಣೆಯಲ್ಲಿ ಕೂತಿದ್ದರು. ಡಿಸ್ಕ್ ಬರೆಯುತ್ತಿತ್ತು. ಹಾಡುಗಳ ಪಟ್ಟಿಯನ್ನು ದುಂಡಗೆ ಬರೆದು ಡಬ್ಬಿಯ ಅಳತೆಗೆ ಕತ್ತರಿಸುತ್ತಿದ್ದರು. ಒಳಗೆ ಹೋಗು, ಐದು ನಿಮಿಷದಲ್ಲಿ ಬಂದೆ ಎಂದರು.

ನಾನು ಅಕ್ಕನ ಹಾಸಿಗೆಯ ಅಂಚಿನಲ್ಲಿ ಕೂತೆ. ಬಾಗಿಲು ಮುಂದೆ ಮಾಡು ಎಂದು ಸನ್ನೆ ಮಾಡಿದಳು. ಮಾಡಿದೆ.

"ಪಾಪ ಅಂತ ಹೌದು ಅಂದ್ಯಾ ಅಕ್ಕ?" ಎಂದು ಕೇಳಿದೆ. ಹಾಗೆಂದೇ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಹಾಗಿದ್ದರೂ ಒಳ್ಳೆಯದೇ ಆಗಿತ್ತು.

"ಇಲ್ಲ ಕಣೋ," ಅಂದಳು. "ಸುಳ್ಳು ಹೇಳಿದ್ದಲ್ಲ. ನನಗೆ ಗೊತ್ತಾಗ್ಲಿಲ್ಲ."

ಅವಳು ಉಸಿರು ತೆಗೆದುಕೊಂಡು ಮುಂದುವರಿಸಿದಳು.

"ಮೊದಲನೇ ದಿನ ಗೊತ್ತಿತ್ತು, ಇದು ನಾನಲ್ಲ ಅಂತ. ಆಗ ನನ್ನದು ಕಿವೀಲಿತ್ತು. ಕಣ್ಣು ಮುಚ್ಚಿದ್ರೆ ಒಂಬತ್ತೂ ಬರ್ತಿತ್ತು, ಒಂದು ಬೆರಳು ಆಚೆ ಈಚೆ ಆಗದ ಹಾಗೆ. ದಿನಾ ಅವರು ಹೀಗಾ, ಹಾಗಾ ಅಂತ ಹಾಕ್ತಾ ಬಂದ್ರು. ಬೇಡ ಅನ್ನೋಣ ಅಂದ್ರೆ ಅವರ ಮುಖ ನೋಡಿ ಬಾಯಿ ಬರ್ಲಿಲ್ಲ. ಈಗ ಕಣ್ಣು ಮುಚ್ಚಿದ್ರೆ ಅವರು ಮಾಡಿದ್ದೇ ಬರುತ್ತೆ. ನನ್ನದು ಹೇಗಿತ್ತು ಅಂತ ಎಷ್ಟು ಹುಡುಕಿದ್ರೂ ಇಲ್ಲ."

"ಭಾವನಿಗೆ ಹೇಳಿದ್ಯಾ?"

"ಏನಂತ ಹೇಳಲಿ?"

ಇನ್ನೆಲ್ಲೂ ಇಲ್ಲದ್ದು ಆ ಮೊದಲನೇ ದಿನ ಅವಳೊಳಗೆ ಇನ್ನೂ ಇತ್ತು. ಸುಮ್ಮನೆ ಬಿಟ್ಟಿದ್ದರೆ ಅವಳು ಮಲಗಿದಲ್ಲೇ ಕೇಳಿಕೊಂಡಿರುತ್ತಿದ್ದಳು, ಯಾವ ಡಿಸ್ಕೂ ಬೇಕಿರಲಿಲ್ಲ. ನಾವಿಬ್ಬರೂ ಸೇರಿ, ಪ್ರೀತಿಯಿಂದಲೇ, ಅದನ್ನೂ ತೆಗೆದುಹಾಕಿದ್ದೆವು. ನನಗೆ ಅಲ್ಲೇ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅಕ್ಕ ನನ್ನ ಮೊಣಕೈ ಹಿಡಿದು, ಮುಖ ಸರಿ ಮಾಡಿಕೋ, ಬರ್ತಿದ್ದಾರೆ ಎಂದಳು.

ಭಾವ ಬಾಗಿಲು ತಳ್ಳಿಕೊಂಡು ಬಂದರು. ಡಿಸ್ಕನ್ನು ಅಂಚಿನಲ್ಲಿ ಮಾತ್ರ ಹಿಡಿದು ಪ್ಲೇಯರಿಗೆ ಹಾಕಿ, ಹಾಸಿಗೆಯ ಕಾಲ ಬಳಿ ನಿಂತರು. ಮೊದಲನೆಯದು ಆಯಿತು. ಎರಡನೆಯದು ಶುರುವಾದಾಗ ಹೊದಿಕೆಯ ಮೇಲಿದ್ದ ಅಕ್ಕನ ಎಡಗೈಯ ಬೆರಳುಗಳು ಹಾಡಿನ ಜೊತೆ ಮೆಲ್ಲಗೆ ಆಡತೊಡಗಿದವು. ಮೇಲಿನ ಸ್ವರದ ಹತ್ತಿರ ಬಂದು, ಭಾವ ಅಳೆದು ಕೂರಿಸಿದ ಜಾಗದಲ್ಲಿ ಹಾಡು ನಿಂತಿತು. ಬೆರಳುಗಳೂ ನಿಂತವು. ಅವರು ಎಷ್ಟು ಕೂರಿಸಿದ್ದರೋ ಸರಿಯಾಗಿ ಅಷ್ಟೇ ಕಾದು, ಹಾಡಿನ ಜೊತೆಗೇ ಮುಂದೆ ಹೋದವು.

ಭಾವ ನನ್ನ ಭುಜ ತಟ್ಟಿ ಪಿಸುಗುಟ್ಟಿದರು. "ನೋಡಿದ್ಯಾ? ಹೀಗೇ ನುಡಿಸ್ತಿದ್ದಿದ್ದು ಅವಳು."

ನಾನು ಹೌದು ಭಾವ ಎಂದೆ.